ಕ್ರೈಸ್ತ ಧರ್ಮದಲ್ಲಿ ದೇವರಿಗೆ ವಿಧೇಯತೆ

ದೇವರಿಗೆ ವಿಧೇಯತೆ ಎಂಬುದು ಕ್ರೈಸ್ತ ಧರ್ಮದ ನೈತಿಕ ಹಾಗೂ ಆಧ್ಯಾತ್ಮಿಕ ಜೀವನದ ಮೂಲಭೂತ ಪರಿಕಲ್ಪನೆಗಳಲ್ಲಿ ಒಂದು. ದೇವರ ಚಿತ್ತವನ್ನು ಅರಿತು, ಅದನ್ನು ನಂಬಿಕೆಯಿಂದಲೂ ಪ್ರೀತಿಯಿಂದಲೂ ಆಚರಣೆಗೆ ತರುವುದೇ ವಿಧೇಯತೆ ಎಂದು ಕ್ರೈಸ್ತ ಪರಂಪರೆ ತಿಳಿಸುತ್ತದೆ. ಭಯದಿಂದ ಅಪ್ಪಣೆಯನ್ನು ಪಾಲಿಸುವುದಕ್ಕೂ ಇದಕ್ಕೂ ಅಂತರವಿದೆ. ಈ ವಿಧೇಯತೆ ಮೊದಲು ಸಲ್ಲಬೇಕಾದುದು ದೇವರಿಗೆ. ಆದ್ದರಿಂದ ಅರಸ, ಸರ್ಕಾರ, ಸಭೆಯ ಹಿರಿಯರು ಮೊದಲಾದ ಎಲ್ಲ ಮಾನವ ಅಧಿಕಾರಗಳಿಗೂ ಅದು ಒಂದು ಮಿತಿಯನ್ನು ವಿಧಿಸುತ್ತದೆ.

ಪದದ ಅರ್ಥ

ಹಳೆಯ ಒಡಂಬಡಿಕೆಯ ಬಹುಭಾಗ ರಚಿತವಾಗಿರುವ ಹೀಬ್ರೂ ಭಾಷೆಯಲ್ಲಿ ‘ಶಮಾ’ ಎಂಬ ಕ್ರಿಯಾಪದಕ್ಕೆ ಕೇಳು, ಕಿವಿಗೊಡು ಎಂಬ ಅರ್ಥಗಳೊಡನೆ ಹೇಳಿದಂತೆ ನಡೆ ಎಂಬ ಅರ್ಥವೂ ಇದೆ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ವಿಧೇಯತೆಯನ್ನು ಸೂಚಿಸುವ ‘ಹುಪಕೋಎ’ ಎಂಬ ಪದವು ‘ಅಕೂಓ’, ಅಂದರೆ ಕೇಳು, ಎಂಬ ಧಾತುವಿನಿಂದ ಬಂದುದು. ಲ್ಯಾಟಿನ್ ಭಾಷೆಯ ‘ಒಬೆದಿರೆ’ ಎಂಬುದಕ್ಕೂ ಕೇಳು ಎಂಬರ್ಥದ ‘ಔದಿರೆ’ ಎಂಬುದಕ್ಕೂ ಇಂಥದೇ ಸಂಬಂಧವಿದೆ.

ಕನ್ನಡ ಓದುಗರಿಗೆ ಇದು ಸುಲಭವಾಗಿ ಮನದಟ್ಟಾಗುತ್ತದೆ. ಮಗು ಹೇಳಿದ ಮಾತು ಕೇಳುವುದಿಲ್ಲ ಎಂದಾಗ ಅದರ ಕಿವಿಯಲ್ಲಿ ದೋಷವಿದೆಯೆಂದು ಯಾರೂ ಭಾವಿಸುವುದಿಲ್ಲ. ಕೇಳುವುದು ಮತ್ತು ನಡೆಯುವುದು ಒಂದೇ ಕ್ರಿಯೆಯ ಎರಡು ಮುಖಗಳೆಂಬ ಈ ಭಾವವೇ ಬೈಬಲಿನ ವಿಧೇಯತೆಯ ಕಲ್ಪನೆಗೆ ಆಧಾರವಾಗಿದೆ. ಯೆಹೂದ್ಯರ ಪ್ರಮುಖ ಪ್ರಾರ್ಥನೆಯೊಂದಕ್ಕೆ ‘ಶೆಮಾ’ ಎಂಬ ಹೆಸರು ಬಂದಿರುವುದೂ ಅದರ ಮೊದಲ ಪದದಿಂದಲೇ. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದಲ್ಲಿರುವ ಆ ಭಾಗವು ಕೇಳಿರೆಂಬ ಕರೆಯೊಡನೆ ಆರಂಭವಾಗಿ, ದೇವರನ್ನು ಪೂರ್ಣಮನಸ್ಸಿನಿಂದ ಪ್ರೀತಿಸಬೇಕೆಂಬ ಆಜ್ಞೆಗೆ ಮುಂದುವರಿಯುತ್ತದೆ.

ಹಳೆಯ ಒಡಂಬಡಿಕೆಯಲ್ಲಿ

ಆದಿಕಾಂಡದ 3ನೆಯ ಅಧ್ಯಾಯದಲ್ಲಿ ಬರುವ ಆದಾಮ ಮತ್ತು ಹವ್ವಳ ಕಥೆಯನ್ನು ಕ್ರೈಸ್ತ ಪರಂಪರೆಯು ಅವಿಧೇಯತೆಯ ಮೂಲಕಥೆಯೆಂದು ಪರಿಗಣಿಸುತ್ತದೆ. ಅದಕ್ಕೆ ಪ್ರತಿಯಾಗಿ ನಿಲ್ಲುವವನು ಅಬ್ರಹಾಮ. ದೇವರ ಕರೆಗೆ ಓಗೊಟ್ಟು, ತನ್ನ ಎಪ್ಪತ್ತೈದನೆಯ ವಯಸ್ಸಿನಲ್ಲಿ ಅವನು ಬಂಧುಬಳಗವನ್ನು ತೊರೆದು ಅರಿಯದ ನಾಡಿಗೆ ಹೊರಟನೆಂದು 12ನೆಯ ಅಧ್ಯಾಯ ಹೇಳುತ್ತದೆ. ಆದರೆ ಇದೇ ಅಬ್ರಹಾಮನು 18ನೆಯ ಅಧ್ಯಾಯದಲ್ಲಿ ಸೊದೋಮ್ ಪಟ್ಟಣದ ಪರವಾಗಿ ದೇವರೊಡನೆ ವಾದಿಸುತ್ತಾನೆ. ನೀತಿವಂತರನ್ನು ದುಷ್ಟರೊಡನೆ ನಾಶಮಾಡುವುದು ಸರಿಯೇ ಎಂದು ಪ್ರಶ್ನಿಸುತ್ತಾನೆ. ಬೈಬಲಿನಲ್ಲಿ ವಿಧೇಯತೆಯು ಪ್ರಶ್ನೆಯನ್ನು ಹೊರಗಿಡುವುದಿಲ್ಲ ಎಂಬುದಕ್ಕೆ ಇದನ್ನು ನಿದರ್ಶನವಾಗಿ ನೀಡಲಾಗುತ್ತದೆ.

ವಿಮೋಚನಕಾಂಡದಲ್ಲಿ ಘಟನೆಗಳ ಕ್ರಮವು ಗಮನಾರ್ಹ. ಇಸ್ರಾಯೇಲ್ಯರು ಮೊದಲು ಐಗುಪ್ತದ ದಾಸತ್ವದಿಂದ ಬಿಡುಗಡೆ ಹೊಂದುತ್ತಾರೆ. ದಶಾಜ್ಞೆಗಳು ದೊರೆಯುವುದು ಆನಂತರ. ಆಜ್ಞಾಪಾಲನೆಯು ಬಿಡುಗಡೆಗೆ ತೆತ್ತ ಬೆಲೆಯಲ್ಲ, ಬಿಡುಗಡೆ ಹೊಂದಿದವರು ತೋರುವ ಪ್ರತಿಸ್ಪಂದನ ಎಂದು ಅನೇಕ ವ್ಯಾಖ್ಯಾನಕಾರರು ಇದನ್ನು ವಿವರಿಸುತ್ತಾರೆ.

ಮೊದಲನೆಯ ಸಮುವೇಲ ಗ್ರಂಥದ 15ನೆಯ ಅಧ್ಯಾಯದಲ್ಲಿ ಪ್ರವಾದಿ ಸಮುವೇಲನು ಅರಸನಾದ ಸೌಲನಿಗೆ, ಯಜ್ಞಗಳಿಗಿಂತ ದೇವರ ಮಾತಿಗೆ ಕಿವಿಗೊಡುವುದೇ ಶ್ರೇಷ್ಠವೆಂದು ತಿಳಿಸುತ್ತಾನೆ. ಆಚಾರಕ್ಕಿಂತ ನಡತೆ ದೊಡ್ಡದೆಂಬ ಈ ವಿಚಾರವನ್ನು ಆಮೋಸ, ಮೀಕ ಮೊದಲಾದ ಪ್ರವಾದಿಗಳು ನ್ಯಾಯ ಮತ್ತು ಕರುಣೆಯ ದಿಕ್ಕಿನಲ್ಲಿ ಬೆಳೆಸಿದರು.

ಹೊಸ ಒಡಂಬಡಿಕೆಯಲ್ಲಿ

ಹೊಸ ಒಡಂಬಡಿಕೆಯಲ್ಲಿ ವಿಧೇಯತೆಯ ಪೂರ್ಣ ಮಾದರಿ ಯೇಸು ಕ್ರಿಸ್ತ. ಮರಣದ ಹಿಂದಿನ ರಾತ್ರಿ ಗೆತ್ಸೇಮನೆಯಲ್ಲಿ ಆತನು ತನಗೊದಗಿದ ಸಂಕಟವನ್ನು ದೂರಮಾಡಬೇಕೆಂದು ಬೇಡಿಕೊಂಡು, ಕಡೆಗೆ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಂಡನೆಂದು ಸುವಾರ್ತೆಗಳು ವಿವರಿಸುತ್ತವೆ. ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೆಯ ಅಧ್ಯಾಯವು ಆತನ ವಿಧೇಯತೆ ಶಿಲುಬೆಯ ಮರಣದವರೆಗೂ ಸಾಗಿತೆಂದು ಹೇಳಿದರೆ, ಇಬ್ರಿಯರಿಗೆ ಬರೆದ ಪತ್ರದ 5ನೆಯ ಅಧ್ಯಾಯವು ಆತನು ಬಾಧೆಗಳ ಮೂಲಕ ವಿಧೇಯತೆಯನ್ನು ಕಲಿತನೆನ್ನುತ್ತದೆ. ಆದಾಮನ ಅವಿಧೇಯತೆಗೂ ಕ್ರಿಸ್ತನ ವಿಧೇಯತೆಗೂ ಇರುವ ವ್ಯತ್ಯಾಸವನ್ನು ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ವಿಸ್ತರಿಸಿದ್ದಾನೆ.

ಮತ್ತಾಯನ ಸುವಾರ್ತೆಯ 21ನೆಯ ಅಧ್ಯಾಯದಲ್ಲಿ ಇಬ್ಬರು ಮಕ್ಕಳ ಸಾಮ್ಯವೊಂದಿದೆ. ದ್ರಾಕ್ಷಿತೋಟಕ್ಕೆ ಹೋಗಿ ಕೆಲಸಮಾಡೆಂದು ತಂದೆ ಹೇಳಿದಾಗ ಒಬ್ಬನು ಒಲ್ಲೆನೆಂದು, ಬಳಿಕ ಮನಸ್ಸು ತಿರುಗಿ ಹೋದನು. ಇನ್ನೊಬ್ಬನು ಒಡನೆಯೇ ಒಪ್ಪಿಕೊಂಡರೂ ಹೋಗಲಿಲ್ಲ. ಬಾಯಿಮಾತಿನ ಸಮ್ಮತಿಗಿಂತ ಕೃತಿಯೇ ಮುಖ್ಯವೆಂಬುದು ಇದರ ತಾತ್ಪರ್ಯ. ಯೋಹಾನನ ಸುವಾರ್ತೆಯಲ್ಲಿ ಯೇಸುವು ಆಜ್ಞಾಪಾಲನೆಯನ್ನು ಪ್ರೀತಿಯ ಗುರುತೆಂದು ಬೋಧಿಸುತ್ತಾನೆ. ಪರಸ್ಪರ ಪ್ರೀತಿಯನ್ನೇ ಹೊಸ ಆಜ್ಞೆಯಾಗಿ ಕೊಡುತ್ತಾನೆ.

ನಂಬಿಕೆ ಮತ್ತು ಕ್ರಿಯೆ

ರಕ್ಷಣೆಯು ದೇವರ ಕೃಪೆಯಿಂದ ದೊರೆಯುವುದಾದರೆ ವಿಧೇಯತೆಯ ಅಗತ್ಯವೇನು ಎಂಬ ಪ್ರಶ್ನೆ 16ನೆಯ ಶತಮಾನದ ಧರ್ಮಸುಧಾರಣೆಯ ಕಾಲದಲ್ಲಿ ತೀವ್ರವಾಯಿತು. ನಂಬಿಕೆಯ ಮೂಲಕ ಮಾತ್ರವೇ ಮನುಷ್ಯನು ನೀತಿವಂತನೆನಿಸುತ್ತಾನೆ, ಸತ್ಕ್ರಿಯೆಗಳು ಆ ನಂಬಿಕೆಯ ಫಲ ಎಂದು ಮಾರ್ಟಿನ್ ಲೂಥರ್ ಬೋಧಿಸಿದರು. ಕ್ಯಾಥೋಲಿಕ್ ಸಭೆಯ ಟ್ರೆಂಟ್ ಮಹಾಸಭೆಯು 1547ರಲ್ಲಿ ಕೃಪೆಯ ಪ್ರಾಥಮ್ಯವನ್ನು ಒಪ್ಪುತ್ತಲೇ, ಕೃಪೆಯೊಡನೆ ಮನುಷ್ಯನು ಸಹಕರಿಸಬೇಕೆಂಬುದನ್ನು ಒತ್ತಿಹೇಳಿತು. ದೀರ್ಘಕಾಲದ ಸಂವಾದದ ಬಳಿಕ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಕ್ಯಾಥೋಲಿಕ್ ಸಭೆ ಹಾಗೂ ವಿಶ್ವ ಲೂಥರನ್ ಒಕ್ಕೂಟದ ಪ್ರತಿನಿಧಿಗಳು ಈ ವಿಷಯದ ಮೂಲ ಸತ್ಯಗಳ ಕುರಿತ ಜಂಟಿ ಘೋಷಣೆಗೆ ಸಹಿಹಾಕಿದರು.

ಸನ್ಯಾಸಿ ಮಠಗಳಲ್ಲಿ

ಬಡತನ, ಬ್ರಹ್ಮಚರ್ಯ ಮತ್ತು ವಿಧೇಯತೆ ಎಂಬ ಮೂರು ವ್ರತಗಳು ಕ್ಯಾಥೋಲಿಕ್ ಧಾರ್ಮಿಕ ಸಂಘಗಳಲ್ಲಿ ಪ್ರಸಿದ್ಧವಾಗಿವೆ. 6ನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಇಟಲಿಯಲ್ಲಿ ರಚಿಸಿದ ಮಠದ ನಿಯಮಾವಳಿಯು ಕೇಳೆಂಬ ಕರೆಯೊಡನೆಯೇ ಆರಂಭವಾಗುತ್ತದೆ. ಮಠಾಧಿಪತಿಯ ಮಾತನ್ನು ತಡಮಾಡದೆ ಪಾಲಿಸಬೇಕೆಂದು ಅದು ವಿಧಿಸಿದರೂ, ಮುಖ್ಯ ವಿಷಯಗಳಲ್ಲಿ ಮಠಾಧಿಪತಿಯು ಕಿರಿಯರನ್ನೂ ಸೇರಿಸಿ ಎಲ್ಲರ ಅಭಿಪ್ರಾಯವನ್ನು ಕೇಳಬೇಕೆಂದೂ ಹೇಳುತ್ತದೆ. ಒಪ್ಪಿಸಿದ ಕೆಲಸ ಅಸಾಧ್ಯವೆನಿಸಿದರೆ ಅದನ್ನು ವಿನಯದಿಂದ ವಿವರಿಸಿ ಹೇಳಲು ಸನ್ಯಾಸಿಗೆ ಅವಕಾಶವಿದೆ. ಹೀಗೆ ಕೇಳುವ ಕರ್ತವ್ಯವು ಅಪ್ಪಣೆ ಕೊಡುವವನಿಗೂ ಅನ್ವಯಿಸುತ್ತದೆ.

ಮಾನವ ಅಧಿಕಾರ ಮತ್ತು ಮನಸ್ಸಾಕ್ಷಿ

ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯವು ಆಳುವವರಿಗೆ ಅಧೀನರಾಗಿರಬೇಕೆಂದು ಬೋಧಿಸುತ್ತದೆ. ಆದರೆ ಗಂಡುಶಿಶುಗಳನ್ನು ಕೊಲ್ಲಬೇಕೆಂಬ ಫರೋಹನ ಆಜ್ಞೆಯನ್ನು ಮೀರಿದ ಸೂಲಗಿತ್ತಿಯರನ್ನು ವಿಮೋಚನಕಾಂಡವು ಮೆಚ್ಚುತ್ತದೆ. ಬೋಧಿಸಕೂಡದೆಂದು ನಿಷೇಧಿಸಿದಾಗ ಪೇತ್ರನೂ ಇತರ ಅಪೊಸ್ತಲರೂ ಮನುಷ್ಯರ ಅಪ್ಪಣೆಗಿಂತ ದೇವರ ಅಪ್ಪಣೆಯೇ ಮೇಲೆಂದು ಉತ್ತರಿಸಿದ ಪ್ರಸಂಗವು ಅಪೊಸ್ತಲರ ಕೃತ್ಯಗಳ 5ನೆಯ ಅಧ್ಯಾಯದಲ್ಲಿದೆ.

20ನೆಯ ಶತಮಾನದ ಜರ್ಮನಿಯಲ್ಲಿ ಈ ಪ್ರಶ್ನೆ ಕಠೋರ ರೂಪದಲ್ಲಿ ಎದುರಾಯಿತು. 1934ರ ಮೇ ತಿಂಗಳಲ್ಲಿ ಪ್ರಕಟವಾದ ಬಾರ್ಮೆನ್ ಘೋಷಣೆಯು ಸಭೆಯು ಕೇಳಿ ನಡೆಯಬೇಕಾದ ದೇವರ ವಾಕ್ಯ ಕ್ರಿಸ್ತನೊಬ್ಬನೇ ಎಂದು ಸಾರಿ, ಸಭೆಯ ಬೋಧನೆಯನ್ನು ನಾತ್ಸಿ ಸಿದ್ಧಾಂತಕ್ಕೆ ಹೊಂದಿಸುವ ಯತ್ನವನ್ನು ತಿರಸ್ಕರಿಸಿತು. ಲೂಥರನ್ ಪಾದ್ರಿ ಡೀಟ್ರಿಕ್ ಬೊನ್‌ಹೋಫರ್ 1937ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅನುಸರಣೆಯಿಲ್ಲದ ಕೃಪೆಯನ್ನು ಅಗ್ಗದ ಕೃಪೆಯೆಂದು ಕರೆದರು. ಅವರನ್ನು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಲಾಯಿತು.

ಆಸ್ಟ್ರಿಯದ ರೈತ ಫ್ರಾನ್ಸ್ ಯೇಗರ್‌ಸ್ಟೆಟರ್ ಹಿಟ್ಲರನ ಸೈನ್ಯದಲ್ಲಿ ಹೋರಾಡಲು ನಿರಾಕರಿಸಿದರು. ಹೆಂಡತಿ ಮತ್ತು ಚಿಕ್ಕ ಹೆಣ್ಣುಮಕ್ಕಳ ಹೊಣೆಯನ್ನು ನೆನೆಯಬೇಕೆಂದು ಧರ್ಮಗುರುಗಳೇ ಬುದ್ಧಿಹೇಳಿದರೂ, ಅನ್ಯಾಯದ ಯುದ್ಧದಲ್ಲಿ ಭಾಗಿಯಾಗುವುದು ಪಾಪವೆಂಬ ನಿಲುವನ್ನು ಅವರು ಬಿಡಲಿಲ್ಲ. 1943ರ ಆಗಸ್ಟ್ 9ರಂದು ಅವರಿಗೆ ಮರಣದಂಡನೆಯಾಯಿತು. ಕ್ಯಾಥೋಲಿಕ್ ಸಭೆಯು 2007ರಲ್ಲಿ ಅವರನ್ನು ಪುನೀತರ ಪದವಿಗೇರಿಸಿತು. ಇದಕ್ಕೆ ಮುನ್ನ, 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಮನಸ್ಸಾಕ್ಷಿಯನ್ನು ಮನುಷ್ಯನಲ್ಲಿ ದೇವರ ಧ್ವನಿ ಕೇಳಿಬರುವ ಅಂತರಂಗದ ಸ್ಥಾನವೆಂದು ವಿವರಿಸಿತ್ತು.

ವಿಮರ್ಶೆ

ವಿಧೇಯತೆಯ ಬೋಧನೆ ದುರುಪಯೋಗವಾದ ಉದಾಹರಣೆಗಳೂ ಇತಿಹಾಸದಲ್ಲಿವೆ. ಅಮೆರಿಕದಲ್ಲಿ ಗುಲಾಮಗಿರಿಯ ಸಮರ್ಥಕರು ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಬೈಬಲ್ ವಚನಗಳನ್ನು ಆಶ್ರಯಿಸಿದರು. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದ ನೀತಿಯ ಪರವಾಗಿ ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯವನ್ನು ಬಳಸಿದ ರೀತಿಯನ್ನು 1985ರ ಕೈರೋಸ್ ಪತ್ರವು ಖಂಡಿಸಿತು. ಜರ್ಮನ್ ದೇವಶಾಸ್ತ್ರಜ್ಞೆ ಡೊರೊಥೆ ಜೋಲೆ 1968ರ ತಮ್ಮ ಕೃತಿಯಲ್ಲಿ, ಕುರುಡು ವಿಧೇಯತೆಯನ್ನು ಕ್ರೈಸ್ತ ಸದ್ಗುಣವೆಂದು ಮನ್ನಿಸುವುದನ್ನೇ ಪ್ರಶ್ನಿಸಿದರು. ಮಗನನ್ನು ಬಲಿಗೊಡಲು ಅಬ್ರಹಾಮನು ಸಿದ್ಧನಾದ ಪ್ರಸಂಗವು ಎಬ್ಬಿಸುವ ನೈತಿಕ ಕಳವಳವನ್ನು ಡೆನ್ಮಾರ್ಕಿನ ತತ್ತ್ವಜ್ಞಾನಿ ಕೀರ್ಕೆಗಾರ್ಡ್ 1843ರಲ್ಲಿ ಆಳವಾಗಿ ಚರ್ಚಿಸಿದ್ದರು.

ಆದಕಾರಣ, ಕೇಳಿಬಂದ ಧ್ವನಿ ದೇವರದೇ ಎಂಬುದನ್ನು ಪರೀಕ್ಷಿಸಿ ನೋಡುವುದನ್ನೂ ಕ್ರೈಸ್ತ ಬೋಧನೆಯು ವಿಧೇಯತೆಯ ಭಾಗವಾಗಿಯೇ ಪರಿಗಣಿಸುತ್ತದೆ. ಧರ್ಮಗ್ರಂಥ, ಪ್ರಾರ್ಥನೆ, ವಿಶ್ವಾಸಿಗಳ ಸಮುದಾಯ ಮತ್ತು ಮನಸ್ಸಾಕ್ಷಿ ಇದಕ್ಕೆ ಸಾಧನಗಳು. ದೇವರನ್ನೂ ನೆರೆಯವರನ್ನೂ ಪ್ರೀತಿಸಬೇಕೆಂಬ ಎರಡು ಆಜ್ಞೆಗಳಲ್ಲಿ ಎಲ್ಲ ಧರ್ಮಶಾಸ್ತ್ರವೂ ಅಡಗಿದೆಯೆಂಬ ಯೇಸುವಿನ ಬೋಧನೆಯೇ ಈ ಪರೀಕ್ಷೆಯ ಮುಖ್ಯ ಒರೆಗಲ್ಲು.