ಅಕಾರದ ಅರ್ಥ ಮತ್ತು ಬರಹ : ಜಪಾನಿನ ಸಿದ್ಧಂ ಲಿಪಿಯೂ ನಮ್ಮ ಪ್ರಣವವೂ

ಬಂಟವಾಳ ತಾಲೂಕಿನ ಸಿದ್ಧಕಟ್ಟೆಗೆ ಸಮೀಪದ ಮೂಡುಬಿದಿರೆಯ ಗುರುಬಸದಿಯು ಧವಲಾ ಗ್ರಂಥಗಳ ಓಲೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ ಪುಣ್ಯಸ್ಥಳ. ಆ ಗ್ರಂಥಗಳ ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡ. ಇಲ್ಲಿ ಹೊರನಾಡಿನ ವಾಣಿಯು ನಮ್ಮ ಲಿಪಿಯಲ್ಲಿ ನೆಲೆಗೊಂಡಿತು. ಜಪಾನಿನಲ್ಲಾದರೋ ಮಂತ್ರದೊಡನೆ ಭಾರತದ ಲಿಪಿಯೇ ನೆಲೆಗೊಂಡಿತು.

ಕ್ರಿ.ಶ. 804ರಲ್ಲಿ ಚೀನಕ್ಕೆ ತೆರಳಿ 806ರಲ್ಲಿ ಹಿಂದಿರುಗಿದ ಕೂಕಾಯಿ ಎಂಬ ಆಚಾರ್ಯನು (774–835) ಜಪಾನಿನಲ್ಲಿ ಶಿಂಗೋನ್ ಎಂಬ ಬೌದ್ಧ ಮಂತ್ರಪಂಥವನ್ನು ಸ್ಥಾಪಿಸಿದನು. ಆ ಪಂಥದ ಬೀಜಾಕ್ಷರಗಳನ್ನು ಇಂದಿಗೂ ಬರೆಯುವುದು ಸಿದ್ಧಂ ಲಿಪಿಯಲ್ಲಿ. ಜಪಾನೀಯರು ಅದನ್ನು 'ಬೋನ್‌ಜಿ', ಎಂದರೆ ಬ್ರಹ್ಮಾಕ್ಷರ ಎನ್ನುವರು. ಗುಪ್ತರ ಕಾಲದ ಬ್ರಾಹ್ಮಿಯಿಂದ ಸಿದ್ಧಂ, ದಕ್ಷಿಣದ ಬ್ರಾಹ್ಮಿಯಿಂದ ಕನ್ನಡ ಮೂಡಿದುವು. ಆದುದರಿಂದ ಅಲ್ಲಿಯ ಅಕಾರವೂ ನಮ್ಮ ಅಕಾರವೂ ಒಂದೇ ತಾಯಿಯ ಮಕ್ಕಳು.

ಶಿಂಗೋನ್ ಪಂಥದಲ್ಲಿ ಅಕಾರವು ಮಹಾವೈರೋಚನ ಬುದ್ಧನ ಬೀಜ. 'ಆದ್ಯನುತ್ಪಾದ', ಮೊದಲಿನಿಂದಲೂ ಹುಟ್ಟಿಲ್ಲದುದು, ಎಂಬುದು ಅದರ ಅರ್ಥ. ಇದನ್ನು ಕೂದಲಿನ ಕುಂಚದಿಂದಲೂ ಚಪ್ಪಟೆಯಾದ ಮರದ ಕುಂಚದಿಂದಲೂ ಬರೆಯುವ ಸಂಪ್ರದಾಯಗಳುಂಟು. ಚಂದ್ರಮಂಡಲ, ಎಂಟು ಎಸಳಿನ ಕಮಲ, ಇವುಗಳೊಡನೆ ಚಿತ್ರಿಸಿದ ಅಕಾರದ ಮುಂದೆ ಸಾಧಕನು ಕುಳಿತು ದೃಷ್ಟಿಯನ್ನು ನಿಲ್ಲಿಸುತ್ತಾನೆ. ಬಳಿಕ ಕಣ್ಣುಮುಚ್ಚಿ ಅದನ್ನೇ ತನ್ನ ಹೃದಯದಲ್ಲಿ ಕಾಣುತ್ತಾನೆ. ದೇವಾಲಯಗಳ ಮಹಾದ್ವಾರದಲ್ಲಿ ಇಬ್ಬರು ದ್ವಾರಪಾಲಕರು ನಿಂತಿರುತ್ತಾರೆ. ಒಬ್ಬನ ತೆರೆದ ಬಾಯಿ ಅಕಾರವನ್ನೂ ಇನ್ನೊಬ್ಬನ ಮುಚ್ಚಿದ ಬಾಯಿ ಹೂಂಕಾರವನ್ನೂ ಸೂಚಿಸುತ್ತವೆ; ಅವು ಸಕಲದ ಆದಿ ಮತ್ತು ಅಂತ್ಯ.

ಮೂಡುಬಿದಿರೆಯ ಜೈನ ಪರಂಪರೆಯು ಓಂಕಾರವನ್ನು ಬೇರೆ ರೀತಿಯಲ್ಲಿ ಬಿಡಿಸುತ್ತದೆ. ಅರ್ಹಂತ, ಅಶರೀರ, ಆಚಾರ್ಯ, ಉಪಾಧ್ಯಾಯ, ಮುನಿ ಎಂಬ ಪಂಚಪರಮೇಷ್ಠಿಗಳ ಮೊದಲಕ್ಷರಗಳು ಕೂಡಿದರೆ ಓಂ. ವೀರಶೈವ ಷಟ್‌ಸ್ಥಲ ಶಾಸ್ತ್ರವು ಪ್ರಣವದಲ್ಲಿ ಆರು ಆಕೃತಿಗಳನ್ನು ಕಾಣುತ್ತದೆ: ತಾರಕ, ದಂಡಕ, ಕುಂಡಲ, ಅರ್ಧಚಂದ್ರ, ದರ್ಪಣ ಮತ್ತು ಜ್ಯೋತಿ. ಇವುಗಳಿಂದ ಕ್ರಮವಾಗಿ ನ, ಮ, ಶಿ, ವ, ಯ, ಓಂ ಎಂಬ ಷಡಕ್ಷರಗಳು ಉದಿಸಿದುವೆಂದೂ ಅವು ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಆರು ಸ್ಥಲಗಳಿಗೆ ಸಲ್ಲುವುವೆಂದೂ ಶಾಸ್ತ್ರದ ನಿರೂಪಣೆ. ಅಕ್ಷರದ ಒಂದೊಂದು ರೇಖೆಯೂ ಇಲ್ಲಿ ಸಾಧನೆಯ ಒಂದೊಂದು ಮೆಟ್ಟಿಲು.

ಈ ಮೂರು ಮತಗಳ ತತ್ತ್ವ ಒಂದೇ ಎಂದು ಹೇಳಲಾಗದು. ಹುಟ್ಟಿಲ್ಲದ ಶೂನ್ಯತೆ ಬೇರೆ, ಪಂಚಪರಮೇಷ್ಠಿಗಳಿಗೆ ನಮನ ಬೇರೆ, ಲಿಂಗಾಂಗ ಸಾಮರಸ್ಯ ಬೇರೆ. ಸಾಧನೆಯ ದಾರಿಯಲ್ಲಿ ಮಾತ್ರ ಶಿಂಗೋನ್ ಸಾಧಕನೂ ಶರಣನೂ ಹತ್ತಿರವಾಗುತ್ತಾರೆ. ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿಯನ್ನಿಟ್ಟ ಶರಣನು ಅದನ್ನು ಪ್ರಾಣಲಿಂಗವಾಗಿ ಒಳಗೆ ಕಾಣುವಂತೆ, ಅಲ್ಲಿಯ ಸಾಧಕನು ಹೊರಗಿನ ಅಕ್ಷರವನ್ನು ಒಳಗಿಳಿಸಿಕೊಳ್ಳುತ್ತಾನೆ. ಇಂದು ಓಂಕಾರವು ಗೋಡೆಗೂ ಬಟ್ಟೆಗೂ ಅಲಂಕಾರವಾಗಿ ಎಲ್ಲೆಲ್ಲಿಯೂ ಅಚ್ಚಾಗುತ್ತಿದೆ. ನೋಡುವ ಕಣ್ಣು ಅಲ್ಲಿ ನಿಲ್ಲದಿದ್ದರೆ ಅದು ಬರಿಯ ಗೆರೆ. ನಿಂತು ಒಳಮುಖವಾದರೆ ಅದೇ ಕ್ಷಯವಿಲ್ಲದ ಅಕ್ಷರ.