ಸಮುದ್ರ ಸರಿದ ಬೀದಿಗಳ ಊರು: ಮೊದಲ ಸಲ ಸಿಂಗಪುರಕ್ಕೆ ಹೊರಟವರಿಗೆ

‘ಬೆಂಗಳೂರನ್ನು ಸಿಂಗಪುರ ಮಾಡುತ್ತೇವೆ’ ಎಂಬ ಮಾತು ಕನ್ನಡಿಗರ ಕಿವಿಗೆ ಬಿದ್ದು ಕಾಲು ಶತಮಾನ ಕಳೆಯಿತು. 1999ರಿಂದ 2004ರವರೆಗೆ ಮುಖ್ಯಮಂತ್ರಿಯಾಗಿದ್ದ ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ ಮನೆಮಾತಾದ ಈ ಘೋಷಣೆ, ಆಮೇಲೆ ರಸ್ತೆಯಲ್ಲಿ ಗುಂಡಿ ಕಂಡಾಗಲೆಲ್ಲ ಜನ ಆಡಿಕೊಂಡು ನಗುವ ಮಾತೂ ಆಯಿತು. ಬೆಂಗಳೂರು ಸಿಂಗಪುರ ಆಯಿತೋ ಇಲ್ಲವೋ, ಸಿಂಗಪುರವನ್ನೇ ಹೋಗಿ ನೋಡಿ ಬರುವುದು ಮಾತ್ರ ಈಗ ಮಧ್ಯಮ ವರ್ಗದವರಿಗೂ ಅಪರೂಪವಲ್ಲ. ವಿಮಾನ ಹತ್ತಿದರೆ ನಾಲ್ಕು, ನಾಲ್ಕೂವರೆ ಗಂಟೆಯ ದಾರಿ. ಹೋದವರು ಮರಳಿ ಬಂದು ಹೇಳುವುದು ಬಹುಪಾಲು ಒಂದೇ ಮಾತು: ‘ಎಂಥಾ ಚೊಕ್ಕಟ ಅಂತೀರಿ, ಒಂದು ಕಾಗದದ ಚೂರೂ ಕಾಣಲಿಲ್ಲ!’

ಈ ಮಾತು ಸುಳ್ಳಲ್ಲ. ಆದರೆ ಅಷ್ಟನ್ನೇ ಕಂಡು ಬರುವುದು ಮದುವೆ ಮನೆಗೆ ಹೋಗಿ ಚಪ್ಪರ ಮಾತ್ರ ನೋಡಿ ಬಂದಂತೆ. ಮೂರು ದಿನ, ನಾಲ್ಕು ರಾತ್ರಿಗಳ ಪ್ರವಾಸದಲ್ಲಿ ಸಿಂಹದ ಮುಖ, ಮೀನಿನ ದೇಹದ ಮರ್‌ಲಯನ್ ಪ್ರತಿಮೆ, ಮೂರು ಗೋಪುರಗಳ ಮೇಲೆ ಹಡಗು ಹೊತ್ತಂತಿರುವ ಮರೀನಾ ಬೇ ಸ್ಯಾಂಡ್ಸ್, ಸೆಂಟೋಸಾ ದ್ವೀಪ ಇಷ್ಟನ್ನು ಸುತ್ತಿದರೆ, ಈ ಊರು ನಿನ್ನೆ ಮೊನ್ನೆ ಅಚ್ಚಿನಿಂದ ತೆಗೆದಿಟ್ಟದ್ದು, ಇದಕ್ಕೆ ಚರಿತ್ರೆಯೇ ಇಲ್ಲ ಅನ್ನಿಸುತ್ತದೆ. ಹಾಗಾಗಬಾರದು ಎಂದಿದ್ದರೆ ಹೊರಡುವಾಗ ಒಂದು ಪ್ರಶ್ನೆಯನ್ನು ಜೊತೆಗಿಟ್ಟುಕೊಳ್ಳಿ. ಯಾವ ಜಾಗದಲ್ಲಿ ನಿಂತರೂ ಕೇಳಿಕೊಳ್ಳಿ: ಇಲ್ಲಿ ಮೊದಲು ಏನಿತ್ತು?

ಕಾಗದದ ಮೇಲೆ ಗೆರೆ

ಮಲಯ ಪುರಾಣೇತಿಹಾಸದ ಪ್ರಕಾರ ಸಾಂಗ್ ನಿಲ ಉತ್ತಮ ಎಂಬ ರಾಜಕುಮಾರ ತೆಮಾಸೆಕ್ ಎಂಬ ಈ ದ್ವೀಪದಲ್ಲಿ ಸಿಂಹದಂಥ ಪ್ರಾಣಿಯೊಂದನ್ನು ಕಂಡು ‘ಸಿಂಹಪುರ’ ಎಂದು ಹೆಸರಿಟ್ಟ. ಅಲ್ಲಿಯ ಕಾಡಿನಲ್ಲಿ ಸಿಂಹ ಎಂದೂ ಇರಲಿಲ್ಲ ಎನ್ನುತ್ತಾರೆ ತಿಳಿದವರು. ಪ್ರಾಣಿ ಸುಳ್ಳಾದರೂ ಹೆಸರು ಉಳಿಯಿತು, ಅದೂ ಸಂಸ್ಕೃತದ್ದು. ಅಂದಹಾಗೆ ಸೆಂಟೋಸಾ ಎಂದರೆ ನಮ್ಮ ‘ಸಂತೋಷ’ವೇ. ರಾಷ್ಟ್ರಾಧ್ಯಕ್ಷರ ಅರಮನೆ ‘ಇಸ್ತಾನಾ’ ನಮ್ಮ ‘ಆಸ್ಥಾನ’. ಇನ್ನೊಂದು ಸ್ವಾರಸ್ಯವುಂಟು. ಈಗ ಮಕ್ಕಳು ಕುಣಿದಾಡುವ ಆ ಸಂತೋಷದ ದ್ವೀಪಕ್ಕೆ 1972ಕ್ಕೆ ಮೊದಲು ‘ಬ್ಲಾಕಾಂಗ್ ಮಾತಿ’ ಎಂಬ ಹೆಸರಿತ್ತು. ‘ಮಾತಿ’ ಎಂದರೆ ಮಲಯದಲ್ಲಿ ಸಾವು, ‘ಬ್ಲಾಕಾಂಗ್’ ಎಂದರೆ ಬೆನ್ನ ಹಿಂದೆ.

ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಯ ಸ್ಟ್ಯಾಮ್‌ಫರ್ಡ್ ರಾಫಲ್ಸ್ ಇಲ್ಲಿ ಇಳಿದದ್ದು 1819ರ ಜನವರಿ ಕೊನೆಯಲ್ಲಿ. ಮೂರೇ ವರ್ಷದಲ್ಲಿ ವ್ಯಾಪಾರ ಬೆಳೆದು ಜನ ಕಂಡಲ್ಲಿ ಗುಡಿಸಲು ಹಾಕತೊಡಗಿದಾಗ, 1822ರಲ್ಲಿ ಅವನು ಊರಿಗೆ ನಕ್ಷೆ ಹಾಕಿಸಿದ. ಅದನ್ನು ಬರೆದ ಎಂಜಿನಿಯರ್ ಜಾಕ್ಸನ್ ಹೆಸರಿನಿಂದ ಅದು ಜಾಕ್ಸನ್ ನಕ್ಷೆ ಎಂದೇ ಪ್ರಸಿದ್ಧ. ನದಿಯ ದಕ್ಷಿಣಕ್ಕೆ ಚೀನೀಯರು, ಇನ್ನೊಂದೆಡೆ ಯುರೋಪಿಯನ್ನರು, ಅದರಾಚೆ ಕಾಂಪೊಂಗ್ ಗ್ಲಾಮ್‌ನಲ್ಲಿ ಮಲಯ ಸುಲ್ತಾನ, ಅರಬರು ಮತ್ತು ಬುಗಿಗಳು, ಮೇಲ್ಭಾಗದಲ್ಲಿ ತಮಿಳು ಕರಾವಳಿಯಿಂದ ಬಂದ ‘ಚೂಲಿಯಾ’ಗಳು ಎಂದು ಕೇರಿಗಳನ್ನು ಗೆರೆ ಎಳೆದು ಹಂಚಿದ್ದಾಯಿತು. ಇಂದು ಪ್ರವಾಸಿಗಳು ಒಂದೊಂದು ಮಧ್ಯಾಹ್ನ ಕಳೆಯುವ ಚೈನಾಟೌನ್, ಕಾಂಪೊಂಗ್ ಗ್ಲಾಮ್‌ಗಳು ಆ ಗೆರೆಗಳ ಪಳೆಯುಳಿಕೆ. ಹಾಗೆಂದು ಗೆರೆ ಎಳೆದಂತೆಲ್ಲ ಜನ ಬಾಳಲಿಲ್ಲ. ಅದನ್ನು ಕಾಣಲು ಚೈನಾಟೌನ್‌ಗೇ ಹೋಗಬೇಕು.

ಎತ್ತಿನ ಗಾಡಿಯ ನೀರು

ಚೈನಾಟೌನ್‌ನ ನಡುವೆ ಪಗೋಡ ಸ್ಟ್ರೀಟ್ ಎಂಬ ಬೀದಿಯಿದೆ. ಪಗೋಡ ಎಂದೊಡನೆ ಬೌದ್ಧ ಮಂದಿರ ಹುಡುಕಬೇಡಿ. ಬೀದಿಯ ಮೂಲೆಯಲ್ಲಿ ನಿಂತಿರುವುದು ಶ್ರೀ ಮಾರಿಯಮ್ಮನ ಗುಡಿ. ಅದರ ಗೋಪುರವನ್ನೇ ಬಿಳಿಯರು ಪಗೋಡ ಎಂದರು. ಪಕ್ಕದ ಬೀದಿ ಟೆಂಪಲ್ ಸ್ಟ್ರೀಟ್. ಇನ್ನೊಂದು ಬದಿಯದು ತಮಿಳು ಮುಸ್ಲಿಮರ ಜಾಮಿಯಾ ಮಸೀದಿಯಿಂದ ಹೆಸರು ಪಡೆದ ಮಾಸ್ಕ್ ಸ್ಟ್ರೀಟ್. ಚೀನೀಯರ ಕೇರಿಯ ಮೂರು ಬೀದಿಗಳಿಗೆ ಹೆಸರು ಕೊಟ್ಟವರು ದಕ್ಷಿಣ ಭಾರತದಿಂದ ಬಂದವರು.

ಗುಡಿ ಕಟ್ಟಿಸಿದವನು ನಾರಾಯಣ ಪಿಳ್ಳೆ. 1819ರಲ್ಲೇ ಪೆನಾಂಗ್‌ನಿಂದ ರಾಫಲ್ಸನ ಜೊತೆ ಬಂದ ಈತ ಇಟ್ಟಿಗೆ ಗೂಡು ಹಾಕಿ, ಕಟ್ಟಡದ ಗುತ್ತಿಗೆ ಹಿಡಿದು ಮೇಲೆ ಬಂದವನು. ಗುಡಿಗಾಗಿ ಅವನಿಗೆ ಮೊದಲು ಸಿಕ್ಕಿದ ಜಾಗ ಕಡಲಂಚಿನದು. ಪೂಜೆಗೆ ಬೇಕಾದ ಸಿಹಿನೀರು ಅಲ್ಲಿರಲಿಲ್ಲ. ಕೊನೆಗೆ 1823ರಲ್ಲಿ ಈಗಿನ ಜಾಗ ಸಿಕ್ಕಿ, 1827ರ ಹೊತ್ತಿಗೆ ಮರ, ಗರಿಗಳ ಗುಡಿ ಎದ್ದಿತು. ಇಲ್ಲಿ ಇಂದಿಗೂ ದೀಪಾವಳಿಯ ಆಸುಪಾಸಿನಲ್ಲಿ ಕೆಂಡ ಹಾಯುವ ಹಬ್ಬ ನಡೆಯುತ್ತದೆ.

ನೀರಿನ ಮಾತು ಬಂತಲ್ಲ, ಚೀನೀಯರು ಈ ಕೇರಿಯನ್ನು ಚೈನಾಟೌನ್ ಎನ್ನುವುದಿಲ್ಲ. ‘ನ್ಯು ಚೆ ಶುಯಿ’ ಎನ್ನುತ್ತಾರೆ. ಎಂದರೆ ‘ಎತ್ತಿನ ಗಾಡಿ ನೀರು’. ಹತ್ತಿರದ ಗುಡ್ಡದ ಬಾವಿಗಳಿಂದ ಎತ್ತಿನ ಗಾಡಿಯಲ್ಲಿ ಕೇರಿಗೆ ನೀರು ಬರುತ್ತಿದ್ದ ಕಾಲದ ನೆನಪು ಆ ಹೆಸರಿನಲ್ಲಿ ಉಳಿದಿದೆ. ಈ ಊರಿನ ನೀರಿನ ಚಿಂತೆ ಇನ್ನೂ ಮುಗಿದಿಲ್ಲ. ನೆರೆಯ ಮಲೇಷ್ಯದ ಜೊಹೋರ್‌ನಿಂದ ನೀರು ತರುವ 1962ರ ಒಪ್ಪಂದ 2061ಕ್ಕೆ ಮುಗಿಯಲಿದೆ. ಅದಕ್ಕೆಂದೇ ಬಳಸಿದ ನೀರನ್ನು ಶುದ್ಧೀಕರಿಸಿ ಮತ್ತೆ ಬಳಸುವ ‘ನ್ಯೂವಾಟರ್’ ಯೋಜನೆಯನ್ನು 2003ರಲ್ಲಿ ಜಾರಿಗೆ ತಂದರು. ಸಮುದ್ರದ ನೀರನ್ನೂ ಸಿಹಿ ಮಾಡುತ್ತಾರೆ.

ಕಡಲು ಎಲ್ಲಿ ಹೋಯಿತು?

ಮಾರಿಯಮ್ಮನ ಗುಡಿಯಿಂದ ಕೆಲವೇ ನಿಮಿಷ ನಡೆದರೆ ತೆಲೊಕ್ ಆಯರ್ ಬೀದಿ. ಮೊದಲ ಸಲ ಹೋದವರು ಒಂದೇ ಬೀದಿಯನ್ನು ನೋಡುವುದಾದರೆ ಇದನ್ನೇ ನೋಡಬೇಕು. 1842ರಲ್ಲಿ ಪೂರ್ಣಗೊಂಡ ಥಿಯನ್ ಹಾಕ್ ಕೆಂಗ್ ಮಂದಿರ ಇಲ್ಲಿದೆ. ಒಳಗಿರುವವಳು ನಾವಿಕರನ್ನು ಕಾಯುವ ಕಡಲದೇವತೆ ಮಾಜು. ಚೀನಾದಿಂದ ಬಂದಿಳಿದವರು ಜೀವ ಉಳಿಯಿತೆಂದು ಮೊದಲು ಇಲ್ಲಿ ಬಂದು ಊದುಬತ್ತಿ ಹಚ್ಚುತ್ತಿದ್ದರು. ಅದೇ ಬೀದಿಯಲ್ಲಿ ತಮಿಳು ಮುಸ್ಲಿಮರು 1828-30ರಲ್ಲಿ ಕಟ್ಟಿದ ನಾಗೂರ್ ದರ್ಗಾ ಇದೆ; ತಮಿಳುನಾಡಿನ ನಾಗೂರಿನ ಸಂತ ಶಾಹುಲ್ ಹಮೀದರ ಸ್ಮರಣೆಯದು. ಅವರೂ ಕಡಲು ದಾಟಿ ಬಂದ ಕೃತಜ್ಞತೆಗೇ ಕಟ್ಟಿದರು.

ಆದರೆ ಕಡಲೆಲ್ಲಿ? ದೇವತೆಯ ಎದುರಿಗೆ ಈಗ ಕಾಣುವುದು ಬ್ಯಾಂಕುಗಳ ಗಗನಚುಂಬಿ ಕಟ್ಟಡಗಳು. 1880ರ ದಶಕದಲ್ಲಿ ಗುಡ್ಡ ಕಡಿದು ಮಣ್ಣು ತುಂಬಿ ಕಡಲನ್ನು ಹಿಂದಕ್ಕೆ ತಳ್ಳಿದರು. ದಡದಲ್ಲಿದ್ದ ಮಂದಿರ ಊರ ನಡುವೆ ಸೇರಿತು. ಅಲ್ಲಿಂದ ತಳ್ಳುವ ಕೆಲಸ ನಿಂತಿಲ್ಲ. 1960ರ ದಶಕದಲ್ಲಿ ಸುಮಾರು 580 ಚದರ ಕಿಲೋಮೀಟರ್ ಇದ್ದ ದೇಶ ಈಗ 730 ಚದರ ಕಿಲೋಮೀಟರ್ ದಾಟಿದೆ. ನೀವು ಫೋಟೊ ತೆಗೆಸಿಕೊಳ್ಳುವ ಮರೀನಾ ಬೇ ಉದ್ದಕ್ಕೂ ಕಾಲಡಿಯಲ್ಲಿರುವುದು ತುಂಬಿದ ನೆಲ. ವಿಮಾನ ಇಳಿಯುವ ಚಾಂಗಿ ನಿಲ್ದಾಣದ ಬಹುಭಾಗವೂ ಹಾಗೆಯೇ. ಅದಕ್ಕೆ ಬೇಕಾದ ಮರಳನ್ನು ನೆರೆಯ ದೇಶಗಳಿಂದ ತಂದರು. ಅಲ್ಲಿಯ ಕರಾವಳಿಗೆ ಪೆಟ್ಟು ಬಿದ್ದಿತೆಂಬ ದೂರು ಎದ್ದು, ಇಂಡೊನೇಷ್ಯ 2007ರಲ್ಲಿ ಮರಳಿನ ರಫ್ತನ್ನೇ ನಿಷೇಧಿಸಿತು.

ಯಾರ ಕೈ ಕಟ್ಟಿತು?

ಏನಿತ್ತು ಎಂಬ ಪ್ರಶ್ನೆಯ ಬೆನ್ನಿಗೇ ಯಾರು ಕಟ್ಟಿದರು ಎಂಬುದೂ ಏಳುತ್ತದೆ. 1862ರಲ್ಲಿ ಪ್ರತಿಷ್ಠಾಪನೆಯಾದ ಸೇಂಟ್ ಆಂಡ್ರ್ಯೂಸ್ ಕೆಥೆಡ್ರಲ್‌ನ ಬೆಳ್ಳನೆಯ ಗೋಡೆಯನ್ನು ಮುಟ್ಟಿ ನೋಡಿ. ಮೊಟ್ಟೆಯ ಬಿಳಿ, ಚಿಪ್ಪಿನ ಸುಣ್ಣ, ಸಕ್ಕರೆ ಸೇರಿಸಿ, ತೆಂಗಿನ ನಾರು ನೆನೆಸಿದ ನೀರಿನಲ್ಲಿ ಕಲಸಿ ಉಜ್ಜಿದ ‘ಮದರಾಸು ಚುಣ್ಣಂ’ ಗಾರೆ ಅದು. ಉಜ್ಜಿದವರು ಭಾರತದಿಂದ ಗಡೀಪಾರಾದ ಕೈದಿಗಳು. 1825ರಿಂದ 1873ರವರೆಗೆ ಸಿಂಗಪುರ ನಮ್ಮವರ ಪಾಲಿಗೆ ‘ಕರಿನೀರು’ ಆಗಿತ್ತು. ರಸ್ತೆ, ಸೇತುವೆ, ಕಾಲುವೆಗಳ ಜೊತೆಗೆ ಆಗ ಗವರ್ನರ್ ಬಂಗಲೆಯಾಗಿದ್ದ ಇಸ್ತಾನಾವನ್ನೂ ಕಟ್ಟಿದ್ದು ಅವರ ದುಡಿಮೆ.

ಕೆಥೆಡ್ರಲ್ಲಿನ ಎದುರಿನಲ್ಲಿ ಸ್ವಲ್ಪ ದೂರಕ್ಕೆ ಪಡಾಂಗ್ ಮೈದಾನ. 1942ರ ಫೆಬ್ರವರಿ 15ರಂದು ಬ್ರಿಟಿಷರು ಜಪಾನಿಗೆ ಶರಣಾದ ಮೇಲೆ ರೂಪುಗೊಂಡ ಆಜಾದ್ ಹಿಂದ್ ಫೌಜನ್ನು ಸುಭಾಷ್‌ಚಂದ್ರ ಬೋಸರು 1943ರ ಜುಲೈ 5ರಂದು ಇದೇ ಮೈದಾನದಲ್ಲಿ ಕಂಡು ಮಾತನಾಡಿದರು. ಹತ್ತಿರದ ಎಸ್‌ಪ್ಲನೇಡ್ ಉದ್ಯಾನದಲ್ಲಿ 1945ರಲ್ಲಿ ಎದ್ದ ಫೌಜಿನ ಸ್ಮಾರಕವನ್ನು ಮರಳಿ ಬಂದ ಬ್ರಿಟಿಷರು ಅದೇ ವರ್ಷ ಒಡೆದುಹಾಕಿದರು. 1995ರಲ್ಲಿ ಸಿಂಗಪುರ ಸರ್ಕಾರ ಆ ಜಾಗದಲ್ಲಿ ಗುರುತಿನ ಫಲಕ ನಿಲ್ಲಿಸಿತು. ಹುಡುಕಿ ನೋಡಿ, ಚಿಕ್ಕದು. ಪಕ್ಕದಲ್ಲೇ ನಡೆದು ಹೋದರೂ ಗಮನಕ್ಕೆ ಬಾರದು.

ಇಂದಿನ ಕಟ್ಟುವ ಕೈಗಳನ್ನು ನೋಡಬೇಕಾದರೆ ಭಾನುವಾರ ಸಂಜೆ ಲಿಟಲ್ ಇಂಡಿಯಾಕ್ಕೆ ಹೋಗಬೇಕು. ಸೆರಂಗೂನ್ ರಸ್ತೆಯ ಈ ಭಾಗ ಹಿಂದೆ ದನದ ವ್ಯಾಪಾರದ ಜಾಗ; ಬಫಲೋ ರೋಡ್, ಕೆರ್ಬಾವ್ ರೋಡ್ ಎಂಬ ಹೆಸರುಗಳೆರಡೂ ಎಮ್ಮೆಯವೇ, ಒಂದು ಇಂಗ್ಲಿಷ್, ಒಂದು ಮಲಯ. ವಾರದ ಒಂದೇ ರಜೆಯಲ್ಲಿ ತಮಿಳುನಾಡು, ಬಾಂಗ್ಲಾದೇಶಗಳ ಕಟ್ಟಡ ಕಾರ್ಮಿಕರು ಇಲ್ಲಿ ಸೇರುತ್ತಾರೆ. ಊರಿಗೆ ಹಣ ಕಳಿಸುತ್ತಾರೆ, ಹುಲ್ಲಿನ ಮೇಲೆ ಕೂತು ಹರಟುತ್ತಾರೆ. 2013ರ ಡಿಸೆಂಬರಿನಲ್ಲಿ ಬಸ್ಸಿಗೆ ಸಿಕ್ಕಿ ಭಾರತೀಯ ಕಾರ್ಮಿಕನೊಬ್ಬ ಸತ್ತಾಗ ಇಲ್ಲಿ ಗಲಭೆ ಭುಗಿಲೆದ್ದಿತ್ತು. 2020ರ ಕೋವಿಡ್ ಕಾಲದಲ್ಲಿ ಸೋಂಕು ಅತಿ ಹೆಚ್ಚು ಹರಡಿದ್ದು ಇಂಥವರು ಒತ್ತೊತ್ತಾಗಿ ಮಲಗುವ ವಸತಿಗಳಲ್ಲಿ. ಚೊಕ್ಕಟ ನಗರದ ಲೆಕ್ಕದಲ್ಲಿ ಇದನ್ನೂ ಬರೆದುಕೊಳ್ಳಬೇಕು.

ಮನೆ ಮತ್ತು ಊಟ

ಒಂದು ಬೆಳಿಗ್ಗೆ ಪ್ರೇಕ್ಷಣೀಯ ಸ್ಥಳಗಳ ಪಟ್ಟಿ ಬದಿಗಿಟ್ಟು, ಮೆಟ್ರೊ ಹತ್ತಿ ತೊವಾ ಪಾಯೊ ಎಂಬ ಬಡಾವಣೆಯಲ್ಲಿ ಇಳಿಯಿರಿ. ಅಲ್ಲಿರುವುದು ಗೃಹಮಂಡಳಿಯ ಬಹುಮಹಡಿ ಮನೆಗಳು. ದೇಶದ ಸ್ವಂತ ಜನರಲ್ಲಿ ಹತ್ತಿರ ಹತ್ತಿರ ಶೇ. 80 ಮಂದಿ ಇಂಥ ಸರ್ಕಾರಿ ಮನೆಗಳಲ್ಲೇ ಇದ್ದಾರೆ. ಮಂಡಳಿ ಹುಟ್ಟಿದ್ದು 1960ರಲ್ಲಿ. ಮರುವರ್ಷದ ಮೇ 25ರಂದು ಬುಕಿತ್ ಹೊ ಸ್ವೀ ಗುಡಿಸಲು ಕೇರಿಗೆ ಬೆಂಕಿ ಬಿದ್ದು ಸುಮಾರು 16,000 ಮಂದಿ ಬೀದಿಗೆ ಬಂದರು. ಅವರಿಗೆ ಮನೆ ಕಟ್ಟಿಕೊಡುತ್ತಲೇ ಮಂಡಳಿ ಕೆಲಸ ಕಲಿಯಿತು. 1965ರ ಆಗಸ್ಟ್ 9ರಂದು ಮಲೇಷ್ಯದಿಂದ ಬೇರೆಯಾದ ದೇಶಕ್ಕೆ ಸ್ವಂತ ಮನೆಯುಳ್ಳ ಪ್ರಜೆ ಬೇಕಿತ್ತು. 1966ರ ಭೂಸ್ವಾಧೀನ ಕಾಯ್ದೆಯಿಂದ ಸರ್ಕಾರ ಕಡಿಮೆ ಬೆಲೆಗೆ ನೆಲ ವಶಪಡಿಸಿಕೊಂಡಿತು. ಹಳ್ಳಿಗಳು, ತೋಟಗಳು ಹೋದವು. 1989ರಿಂದ ಪ್ರತಿ ಕಟ್ಟಡದಲ್ಲೂ ಚೀನೀಯರು, ಮಲಯರು, ಭಾರತೀಯರು ಇಂತಿಷ್ಟೇ ಪ್ರಮಾಣದಲ್ಲಿರಬೇಕೆಂಬ ನಿಯಮವುಂಟು. 1822ರ ನಕ್ಷೆ ಜನರನ್ನು ಬೇರೆ ಬೇರೆ ಕೇರಿಗೆ ಕಳಿಸಿತ್ತು. ಈ ನಿಯಮ ಅವರನ್ನು ಒಂದೇ ಮೆಟ್ಟಿಲಿಗೆ ತಂದಿತು. ಎರಡೂ ಮೇಲಿನಿಂದ ಬಂದ ಅಪ್ಪಣೆಗಳೇ.

ಕಟ್ಟಡದ ಬುಡದಲ್ಲೇ ಹಾಕರ್ ಸೆಂಟರ್ ಸಿಗುತ್ತದೆ. ಬೀದಿಬದಿ ತಳ್ಳುಗಾಡಿಯವರನ್ನು 1970, 80ರ ದಶಕಗಳಲ್ಲಿ ನಲ್ಲಿ, ಚರಂಡಿ ಇರುವ ಸೂರಿನಡಿಗೆ ತಂದ ಏರ್ಪಾಡಿದು. 2020ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ‘ಕೊಪಿ ಓ ಕೊಸೊಂಗ್’ ಎಂದು ಕೇಳಿ. ‘ಓ’ ಎಂದರೆ ಹೊಕ್ಕಿಯೆನ್ ಚೀನಿಯಲ್ಲಿ ಕಪ್ಪು, ‘ಕೊಸೊಂಗ್’ ಎಂದರೆ ಮಲಯದಲ್ಲಿ ಖಾಲಿ. ಹಾಲೂ ಇಲ್ಲದ, ಸಕ್ಕರೆಯೂ ಇಲ್ಲದ ಕಾಫಿ ಬರುತ್ತದೆ. ಬರಿದೇ ‘ಕೊಪಿ’ ಎಂದಿರೋ, ಮಂದ ಸಿಹಿ ಹಾಲಿನದು. ಖಾಲಿ ಮೇಜಿನ ಮೇಲೆ ಟಿಶ್ಯೂ ಕಾಗದದ ಪೊಟ್ಟಣವಿದ್ದರೆ ಅದು ಮರೆತು ಬಿಟ್ಟದ್ದಲ್ಲ, ನಮ್ಮ ಬಸ್ಸಿನ ಸೀಟಿಗೆ ಹಾಕುವ ಟವೆಲ್! ಉಂಡ ತಟ್ಟೆಯನ್ನು ನೀವೇ ಒಯ್ದಿಡಬೇಕು. 2021ರಿಂದ ಅದು ಕಾನೂನು. ಶುದ್ಧ ಶಾಕಾಹಾರ ಬೇಕೆನ್ನುವವರಿಗೆ 1947ರಿಂದ ನಡೆಯುತ್ತಿರುವ ಕೋಮಳ ವಿಲಾಸ್ ಸೆರಂಗೂನ್ ರಸ್ತೆಯಲ್ಲಿದೆ.

ಹೊರಡುವ ಮುನ್ನ

ಭಾರತೀಯರಿಗೆ ವೀಸಾ ಬೇಕು; ಅಧಿಕೃತ ಏಜೆಂಟರ ಮೂಲಕ ಮೊದಲೇ ಪಡೆಯಬೇಕು. ತಲುಪುವ ದಿನವೂ ಸೇರಿ ಮೂರು ದಿನದೊಳಗೆ ಆಗಮನ ಪತ್ರವನ್ನು ಅಂತರ್ಜಾಲದಲ್ಲಿ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ, ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಿ. ಸಮಭಾಜಕ ವೃತ್ತದ ಪಕ್ಕದ ಊರಾದ್ದರಿಂದ ವರ್ಷವಿಡೀ ಸೆಕೆ, ಯಾವ ತಿಂಗಳಲ್ಲೂ ಮಳೆ. ಸ್ವೆಟರ್ ಬೇಡ, ಕೊಡೆ ಬೇಕು. ಚೂಯಿಂಗ್ ಗಮ್ ಒಯ್ಯಬೇಡಿ. ಇ-ಸಿಗರೇಟು ನಿಷಿದ್ಧ. ಮಾದಕ ವಸ್ತುವಿಗೆ ಗಲ್ಲು ಶಿಕ್ಷೆಯವರೆಗೂ ಹೋಗುವ ಕಾನೂನಿದೆ. ಪರಿಚಯವಿಲ್ಲದವರ ಗಂಟು ಹೊರಬೇಡಿ. ಮೆಟ್ರೊದಲ್ಲಿ ತಿಂದರೆ ಕುಡಿದರೆ ದಂಡ. ಅಲ್ಲಿಯ ಪ್ರಕಟಣೆಗಳಲ್ಲಿ ತಮಿಳು ಕೇಳಿ ಅಚ್ಚರಿಪಡಬೇಡಿ, ನಾಲ್ಕು ಅಧಿಕೃತ ಭಾಷೆಗಳಲ್ಲಿ ಅದೂ ಒಂದು.

ಕೊನೆಗೊಂದು ಸಂಜೆ ನದಿಯ ದಡದಲ್ಲಿ ಕುಳಿತುಕೊಳ್ಳಿ. ಈ ನದಿ ಒಂದು ಕಾಲಕ್ಕೆ ಹಂದಿ ಸಾಕಣೆಯ ಕೊಳೆ, ಚರಂಡಿ ನೀರು, ದೋಣಿಗಳ ಎಣ್ಣೆಯಿಂದ ನಾರುತ್ತಿತ್ತು. 1977ರಲ್ಲಿ ಹಿಡಿದ ಕೆಲಸ ಮುಗಿಯಲು ಹತ್ತು ವರ್ಷ ಬೇಕಾಯಿತು. ದಡದ ಸಾವಿರಾರು ಕುಟುಂಬಗಳನ್ನು ಎತ್ತಿ ಬೇರೆಡೆ ನೆಲೆಗೊಳಿಸಿದರು. ಬದುಕು ಕಟ್ಟಿಕೊಟ್ಟ ಸರಕಿನ ದೋಣಿಗಳೂ 1983ರಲ್ಲಿ ಹೊರಟುಹೋದವು. ನೀರು ತಿಳಿಯಾಯಿತು, ಹಳೆಯ ಗದ್ದಲ ಇಲ್ಲವಾಯಿತು.

ನಾವು ಸಿಂಗಪುರ ಆಗಬೇಕು ಎನ್ನುವಾಗ ಯಾವ ಸಿಂಗಪುರ ಎಂದು ಹೇಳಿಲ್ಲ. ಗಾಜಿನ ಕಟ್ಟಡದ ಸಿಂಗಪುರ ನಮಗೆ ಬಂದದ್ದಾಗಿದೆ. ವೈಟ್‌ಫೀಲ್ಡಿನ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ 1990ರ ದಶಕದಲ್ಲಿ ಆ ದೇಶದ ಕಂಪನಿಗಳ ಪಾಲುದಾರಿಕೆಯಲ್ಲೇ ಎದ್ದದ್ದು. ಬೆಂಕಿಗೆ ಮನೆ ಕಳೆದುಕೊಂಡವನಿಗೆ ಮನೆ ಕಟ್ಟಿಕೊಟ್ಟ ಸಿಂಗಪುರ, ಒಂದು ನದಿಗಾಗಿ ಹತ್ತು ವರ್ಷ ಪಟ್ಟು ಬಿಡದೆ ದುಡಿದ ಸಿಂಗಪುರ ಇನ್ನೂ ಬಂದಿಲ್ಲ. ಎತ್ತಂಗಡಿಯಾದವರ, ಗಾರೆ ಉಜ್ಜಿದವರ, ಭಾನುವಾರ ಹುಲ್ಲಿನ ಮೇಲೆ ಕೂರುವವರ ಸಿಂಗಪುರವೂ ಒಂದಿದೆ. ಹೋಗಿ ಬನ್ನಿ. ಬಂದ ಮೇಲೆ ‘ಚೊಕ್ಕಟ’ ಎಂಬ ಮಾತಿನ ಜೊತೆಗೆ ಅದರ ಬೆಲೆ ಎಷ್ಟು, ತೆತ್ತವರು ಯಾರು ಎಂಬುದನ್ನೂ ನಾಲ್ಕು ಜನಕ್ಕೆ ಹೇಳಿ.