ವಿಯೆಟ್ನಾಂ ತಪ್ಪಿತು, ಚಿಕ್ಕಪಡಸಲಗಿ ಸಿಕ್ಕಿತು

ಹಳ್ಳಕ್ಕೆ ಎಲ್ಲರೂ ಸೇರಿ ಕಟ್ಟ ಕಟ್ಟುವ ವಿಷಯ ನಮ್ಮ ಸಂಘದ ಮುಂದಿನ ಮಹಾಸಭೆಯಲ್ಲಿ ಚರ್ಚೆಗೆ ಬರಲಿದೆ. ಅದಕ್ಕೆ ಮುನ್ನ, ನಾವು ಮೂವರು ಸದಸ್ಯರು 2021ರ ಫೆಬ್ರವರಿಯಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಕೈಗೊಂಡ ಪ್ರವಾಸದ ವಿವರವನ್ನು ಸದಸ್ಯ ಬಾಂಧವರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ಮೊದಲು ಹೊರಡಬೇಕೆಂದಿದ್ದುದು ವಿಯೆಟ್ನಾಮಿಗೆ. ರೊಬಸ್ಟಾ ಬೆಳೆಯಲ್ಲಿ ಜಗತ್ತಿಗೇ ಮುಂದಿರುವ ಆ ದೇಶದ ರೈತರು ಬೇಸಿಗೆಯಲ್ಲಿ ಗಿಡಗಳಿಗೆ ನೀರುಣಿಸುವ ಕ್ರಮವನ್ನು ಕಣ್ಣಾರೆ ಕಾಣುವ ಆಸೆಯಿತ್ತು. ಕೊರೋನಾ ಬಂತು. 2020ರ ಮಾರ್ಚ್ 23ರಿಂದ ಹೊರದೇಶಗಳ ನಿಗದಿತ ವಿಮಾನ ಸಂಚಾರ ನಿಂತಿತು. ಅದು ಮತ್ತೆ ಆರಂಭವಾದದ್ದು 2022ರ ಮಾರ್ಚ್ 27ರಂದು. ಅಷ್ಟು ಕಾಯುವ ಬದಲು ನಮ್ಮ ರಾಜ್ಯದೊಳಗೇ ನೀರಿನ ಕೆಲಸ ನೋಡಿ ಬರೋಣವೆಂದು ನಿಶ್ಚಯಿಸಿದೆವು.

ಮನೆಯೇ ಗಾಡಿ

ಆಗ ವಸತಿಗೃಹಗಳಲ್ಲಿ ತಂಗಲು ಎಲ್ಲರಿಗೂ ಅಂಜಿಕೆ. ಆದ್ದರಿಂದ ಬೆಂಗಳೂರಿನಿಂದ ಕ್ಯಾಂಪರ್ ವ್ಯಾನೊಂದನ್ನು ಬಾಡಿಗೆಗೆ ತರಿಸಿದೆವು. ನಾಲ್ವರು ಮಲಗಲು ಹಾಸಿಗೆ, ಗ್ಯಾಸ್ ಒಲೆ, ಸಣ್ಣ ಫ್ರಿಜ್, ನೀರಿನ ಟ್ಯಾಂಕು, ಮೂಲೆಯಲ್ಲಿ ಶೌಚದ ಏರ್ಪಾಡು. ನಾವು ಮೂವರು, ಚಾಲಕರೊಬ್ಬರು. ಇಂಥ ಗಾಡಿಯಲ್ಲಿ ಹೋಗುವವರು ಎರಡು ಮಾತು ನೆನಪಿಡಬೇಕು. ರಾತ್ರಿ ನಿಲ್ಲಿಸುವ ಜಾಗಕ್ಕೆ ಹಗಲಿರುವಾಗಲೇ ಊರವರ ಒಪ್ಪಿಗೆ ಪಡೆಯಬೇಕು. ಕಬ್ಬು ನುರಿಸುವ ಕಾಲದಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಸ್ತೆ ತುಂಬ ಇರುವುದರಿಂದ ಕತ್ತಲಾದ ಮೇಲೆ ಪ್ರಯಾಣ ಬೇಡ. ಇನ್ನು ಟ್ಯಾಂಕಿನ ನೀರು ನಾಲ್ವರಿಗೆ ಒಂದೂವರೆ ದಿನ ಬರುವುದೂ ಕಷ್ಟ. ಕೊಡ ಲೆಕ್ಕದಲ್ಲಿ ನೀರು ಬಳಸುವುದನ್ನು ಮಲೆನಾಡಿನ ನಾವು ಆ ಗಾಡಿಯಲ್ಲೇ ಕಲಿತೆವು.

ಮುಧೋಳ, ಬನಹಟ್ಟಿ

ಹುಬ್ಬಳ್ಳಿ, ನರಗುಂದ ದಾಟಿ ಎರೆಭೂಮಿಯ ನಡುವೆ ಸಾಗಿ ಘಟಪ್ರಭೆಯ ದಡದ ಮುಧೋಳ ಸೇರಿದೆವು. ಬಳೆಗಾರರ ಮನೆಯಲ್ಲಿ ಹುಟ್ಟಿ ಮಹಾಕವಿಯಾದ ರನ್ನನ ನಾಡಿದು. 1857ರ ನಿಶ್ಶಸ್ತ್ರೀಕರಣ ಕಾಯಿದೆಯನ್ನು ಧಿಕ್ಕರಿಸಿ ಬ್ರಿಟಿಷರ ವಿರುದ್ಧ ನಿಂತ ಬೇಡರ ಹಲಗಲಿಯೂ ಈ ತಾಲ್ಲೂಕಿನದೇ. ಘೋರ್ಪಡೆ ಅರಸರು ಪೋಷಿಸಿದ ಮುಧೋಳ ನಾಯಿಗೆ 2005ರಲ್ಲಿ ಅಂಚೆ ಚೀಟಿಯ ಗೌರವ ದೊರೆತಿದೆ. ಊರಿನ ಹತ್ತಿರದ ತಿಮ್ಮಾಪುರದಲ್ಲಿ ಈ ತಳಿಗಾಗಿ ಸಂಶೋಧನಾ ಕೇಂದ್ರವಿದೆ.

ಬೆಲ್ಲದ ಪೇಟೆಯಾದ ಮಹಾಲಿಂಗಪುರದ ಮೇಲೆ ಹಾದು ರಬಕವಿ-ಬನಹಟ್ಟಿಗೆ ಬಂದರೆ ಓಣಿ ಓಣಿಯಲ್ಲೂ ಮಗ್ಗದ ಸದ್ದು. ನೂಲು ಕೊಡುವವರೊಬ್ಬರು, ನೇಯುವವರೊಬ್ಬರು, ಸೀರೆ ಮಾರುವವರು ಮತ್ತೊಬ್ಬರು. ಮೊದಲಿಗೂ ಕೊನೆಗೂ ಇರುವವರ ಕೈ ಮೇಲಾದಾಗ ನಡುವಿನ ನೇಕಾರನಿಗೆ ಉಳಿಯುವುದು ಬರೀ ಕೂಲಿ. ವ್ಯಾಪಾರಿಯ ಮುಂಗಡಕ್ಕೆ ಅಡಕೆ ಒಪ್ಪಿಸಿದ ಅನುಭವವುಳ್ಳ ನಮ್ಮ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರೈತರೇ ಕಟ್ಟಿದ ಬ್ಯಾರೇಜು

ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನವಾಗಿದ್ದ ಊರು. ಮೈಸೂರು ರಾಜ್ಯದ ಮುಖ್ಯಮಂತ್ರಿಯೂ ದೇಶದ ಉಪರಾಷ್ಟ್ರಪತಿಯೂ ಆದ ಬಿ.ಡಿ. ಜತ್ತಿಯವರು ಈ ತಾಲ್ಲೂಕಿನ ಸಾವಳಗಿಯವರು. ಆದರೆ ನಾವು ನೋಡಬೇಕೆಂದು ಹೋದದ್ದು ಅರಮನೆಯನ್ನಲ್ಲ, ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿರುವ ಬ್ಯಾರೇಜನ್ನು.

ಮಳೆಗಾಲದಲ್ಲಿ ದಡ ಮೀರುವ ಕೃಷ್ಣೆ ಬೇಸಿಗೆಯಲ್ಲಿ ಬತ್ತುತ್ತಿದ್ದಳು. ಸರಕಾರದ ಕಡೆ ನೋಡಿ ಸಾಕಾದ ರೈತರು ಕೃಷ್ಣಾ ತೀರ ರೈತ ಸಂಘ ಕಟ್ಟಿಕೊಂಡು, ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ 1989ರಲ್ಲಿ ಬ್ಯಾರೇಜು ಕಟ್ಟಿ ಮುಗಿಸಿದರು. ಅದರ ಹೆಸರು ಶ್ರಮಬಿಂದು ಸಾಗರ. ಈ ಕೆಲಸದ ಕೀರ್ತಿಯಿಂದ ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. 2018ರಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು.

ಕಟ್ಟಿದಲ್ಲಿಗೆ ಕೆಲಸ ಮುಗಿಯಲಿಲ್ಲ. ನೀರು ಸಾಲದ ವರ್ಷಗಳಲ್ಲಿ ರೈತರು ಮತ್ತೆ ಹಣ ಕೂಡಿಸಿ, ಆಲಮಟ್ಟಿಯ ಹಿನ್ನೀರನ್ನು ಪಂಪುಗಳಿಂದ ಎತ್ತಿ ಬ್ಯಾರೇಜು ತುಂಬಿಸಿದ್ದಾರೆ. ದಡದ ಮೇಲೆ ಸಿಕ್ಕ ಹಿರಿಯ ರೈತರೊಬ್ಬರನ್ನು, "ಎಲ್ಲರೂ ವಂತಿಗೆ ಕೊಟ್ಟರೆ?" ಎಂದು ಕೇಳಿದೆ. "ಕೊಡದವರೂ ಇದ್ರು ಬಿಡ್ರಿ. ಅವರ ಹೊಲಕ್ಕೂ ನೀರು ಹೋತು. ಮುಂದಿನ ಸಲ ತಾವಾಗಿ ತಂದು ಕೊಟ್ರು" ಎಂದರು.

ನೀರು ಬಂದ ಮೇಲಿನ ಕಷ್ಟವನ್ನೂ ಹೇಳಬೇಕು. ಕಬ್ಬಿಗೆ ಅಳತೆ ಮೀರಿ ನೀರು ಹಾಯಿಸಿದ ಎರೆಭೂಮಿ ಅಲ್ಲಲ್ಲಿ ಸವಳು-ಜವಳಾಗಿದೆ. ನೀರು ತರುವ ಜಾಣ್ಮೆಯ ಜೊತೆಗೆ ಹಿತವಾಗಿ ಬಳಸುವ ಜಾಣ್ಮೆಯೂ ಬೇಕು.

ಬೀಳಗಿ ಕಲಿಸಿದ್ದು

ಕೊನೆಯ ರಾತ್ರಿ ಬೀಳಗಿಯ ಕಡೆ ಹಿನ್ನೀರಿನ ದಂಡೆಯಲ್ಲಿ ತಂಗಿದೆವು. ಘಟಪ್ರಭೆ ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮದ ಸುತ್ತ ಕಣ್ಣು ಹಾಯುವಷ್ಟು ದೂರ ನೀರು. ನೋಟ ಸೊಗಸು, ಆದರೆ ಅದರ ಕೆಳಗಿರುವುದು ಒಕ್ಕಲಿದ್ದ ಹೊಲ, ಮನೆ. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲಾಗುತ್ತದೆ. 2010ರ ನ್ಯಾಯಾಧಿಕರಣದ ತೀರ್ಪು 524.256 ಮೀಟರಿಗೆ ಸಮ್ಮತಿಸಿದೆ. ಹಾಗೆ ಏರಿದರೆ ಇನ್ನಷ್ಟು ಊರುಗಳು ಎದ್ದು ಹೋಗಬೇಕು. ಒಬ್ಬರ ಬೆಳೆಗೆ ನೀರಾದದ್ದು ಮತ್ತೊಬ್ಬರ ನೆಲ.

ನಮ್ಮ ಮುಂದಿರುವ ಪ್ರಶ್ನೆ

ನಮ್ಮಲ್ಲಿ ಹೂಮಳೆ ಕೈಕೊಟ್ಟ ವರ್ಷ ಫೆಬ್ರವರಿ, ಮಾರ್ಚಿಯಲ್ಲಿ ಒಂದೇ ಹಳ್ಳಕ್ಕೆ ಹತ್ತು ಪಂಪು ಇಳಿಯುತ್ತವೆ. ಮೇಲಿನ ತೋಟಕ್ಕೆ ತುಂತುರು ನೀರಾವರಿ. ಕೆಳಗಿನ ಅಡಕೆ ತೋಟಕ್ಕೆ ಒಣ ಕಲ್ಲು. ಮಳೆಯ ನಾಡಿನಲ್ಲಿದ್ದೂ ನೆರೆಹೊರೆಯವರು ನೀರಿಗಾಗಿ ಮಾತು ಬಿಡುವುದು ನಾಚಿಕೆಯ ಸಂಗತಿ.

ಆದ್ದರಿಂದ ಮಹಾಸಭೆಯ ಮುಂದೆ ಮೂರು ಸಲಹೆಗಳನ್ನಿಡುತ್ತೇನೆ. ವಂತಿಗೆ ಎಕರೆ ಲೆಕ್ಕದಲ್ಲಿರಲಿ. ಕಟ್ಟದಿಂದ ಯಾರ ಜಾಗ ಮುಳುಗುವುದೋ ಅವರ ಒಪ್ಪಿಗೆ, ಪರಿಹಾರ ಮೊದಲು ತೀರ್ಮಾನವಾಗಲಿ. ಪಂಪು ನಡೆಸುವ ಸರದಿಯನ್ನು ಕೆಳಗಿನ ತೋಟದವರಿಂದ ಆರಂಭಿಸಲಿ. ಕೃಷ್ಣೆಯಂಥ ಹೊಳೆಗೆ ರೈತರು ಅಡ್ಡಕಟ್ಟು ಹಾಕಿರುವಾಗ, ಒಂದು ಹಳ್ಳ ನಮ್ಮ ಸಂಘಕ್ಕೆ ದೊಡ್ಡದಾಗಲಾರದು. ಸದಸ್ಯರು ತಪ್ಪದೆ ಸಭೆಗೆ ಬಂದು ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.